ಕ್ಲಾಸಿಗೆ ಬಂದ ವಾಟ್ಸಾಪು: ಓದುಗರ ಪ್ರಶ್ನೆ, ಮೇಷ್ಟ್ರ ಉತ್ತರ

ವಾಟ್ಸಾಪು, ಯೂಟ್ಯೂಬು, ಇನ್‌ಸ್ಟಾಗ್ರಾಂ ಇವನ್ನೆಲ್ಲ ಪಾಠಕ್ಕೆ ಬಳಸುವ ಬಗ್ಗೆ ಕೇಳುವುದಿದ್ದರೆ ಬರೆಯಿರಿ ಅಂತ ಕಳೆದ ಸಂಚಿಕೆಯಲ್ಲಿ ಹೇಳಿದ್ದೆ. ತುಂಬ ಪತ್ರಗಳು ಬಂದಿವೆ. ಮೇಷ್ಟ್ರುಗಳು ಬರೆದಿದ್ದಾರೆ, ತಾಯಂದಿರು ಬರೆದಿದ್ದಾರೆ, ಪಿಯುಸಿ ಓದುವ ಹುಡುಗನೊಬ್ಬ ರಾತ್ರಿ ಎರಡು ಗಂಟೆಗೆ ಬರೆದಿದ್ದಾನೆ. ಹೆಸರು ಹಾಕಬೇಡಿ ಅಂತ ಹಲವರು ಕೇಳಿಕೊಂಡಿದ್ದರಿಂದ ಬರೀ ಊರು ಹಾಕಿದ್ದೇನೆ. ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವವನು. ಮಾಡಿ ನೋಡಿದ್ದನ್ನು, ಓದಿ ಖಾತ್ರಿ ಮಾಡಿಕೊಂಡದ್ದನ್ನು ಮಾತ್ರ ಹೇಳುತ್ತೇನೆ.

ಪ್ರಶ್ನೆ: ಸರ್, ನಾನು ಸರ್ಕಾರಿ ಹೈಸ್ಕೂಲಿನಲ್ಲಿ ವಿಜ್ಞಾನದ ಟೀಚರ್. ಹತ್ತನೇ ಕ್ಲಾಸಿಗೆ ಗ್ರೂಪ್ ಮಾಡಿ ಎರಡು ವರ್ಷ ಆಯಿತು. ನೋಟ್ಸಿನ ಫೋಟೊ ಹಾಕುತ್ತೇನೆ, ಯೂಟ್ಯೂಬ್ ಲಿಂಕ್ ಹಾಕುತ್ತೇನೆ, ಪಿಡಿಎಫ್ ಹಾಕುತ್ತೇನೆ. ಆ ಕಡೆಯಿಂದ ಬರುವುದು ಹೆಬ್ಬೆಟ್ಟಿನ ಇಮೋಜಿ, ಕೈಮುಗಿದ ಇಮೋಜಿ ಅಷ್ಟೇ. ಮಕ್ಕಳು ಓದುತ್ತಾರೋ ಇಲ್ಲವೋ ಗೊತ್ತಾಗುವುದಿಲ್ಲ. ಮುಂದುವರಿಸಲಾ, ಬಿಡಲಾ?
— ಶಿಕ್ಷಕಿ, ಹಿರಿಯೂರು ತಾಲ್ಲೂಕು

ಉತ್ತರ: ಬಿಡಬೇಡಿ ಮೇಡಂ. ಆದರೆ ಹಾಕುವುದನ್ನು ಕಡಿಮೆ ಮಾಡಿ, ಕೇಳುವುದನ್ನು ಜಾಸ್ತಿ ಮಾಡಿ.

ನಮ್ಮ ಮಕ್ಕಳ ಮನೆಯಲ್ಲಿ ಫೋನ್ ಇರುವುದು ಅಪ್ಪನ ಜೇಬಿನಲ್ಲಿ. ಅವರು ಕೆಲಸ ಮುಗಿಸಿ ಮನೆಗೆ ಬರುವುದು ಏಳೋ ಎಂಟೋ ಗಂಟೆಗೆ. ಆಮೇಲೆ ಮಗುವಿನ ಕೈಗೆ ಫೋನ್ ಸಿಗುವುದು ಅರ್ಧ ಗಂಟೆ. ಅಷ್ಟರಲ್ಲಿ ಆರು ವಿಷಯದ ಆರು ಗ್ರೂಪು, ಒಂದೊಂದರಲ್ಲಿ ಹತ್ತು ಫೋಟೊ. ಯಾವ ಮಗು ಓದುತ್ತದೆ ಹೇಳಿ? ನೋಟ್ಸು ಕ್ಲಾಸಿನಲ್ಲಿ ಬರೆಸಿದ್ದೇ ಇರುತ್ತದಲ್ವಾ, ಅದನ್ನೇ ಮತ್ತೆ ಫೋನಿಗೆ ಯಾಕೆ ತುರುಕಬೇಕು?

ನಾನೂ ಸ್ವಲ್ಪ ಕಾಲ ನಿಮ್ಮ ಹಾಗೇ ಮಾಡಿದೆ. ಬದಲಾಯಿಸಿದ್ದು ಆಮ್ಲ, ಪ್ರತ್ಯಾಮ್ಲ, ಲವಣಗಳ ಪಾಠ ಬಂದಾಗ. ಅವತ್ತು ಸಂಜೆ ಗ್ರೂಪಿನಲ್ಲಿ ಇಷ್ಟೇ ಬರೆದೆ: "ಅರಿಶಿನ ನೀರಲ್ಲಿ ಕಲಸಿ ಒಂದು ಬಿಳಿ ಹಾಳೆಗೆ ಹಚ್ಚಿ, ಒಣಗಿಸಿ. ಅಡುಗೆಮನೆ, ಬಚ್ಚಲುಮನೆಯಲ್ಲಿ ಸಿಗುವ ನಾಲ್ಕು ವಸ್ತುಗಳನ್ನು ಅದಕ್ಕೆ ತಾಗಿಸಿ. ಏನಾಯಿತು ಅಂತ ಒಂದು ಫೋಟೊ, ಒಂದು ಸಾಲು." ಬೆಳಿಗ್ಗೆವರೆಗೂ ನಾನು ಬಾಯಿ ಬಿಡುವುದಿಲ್ಲ ಅಂತಲೂ ಹೇಳಿದ್ದೆ.

ಮೊದಲ ರಾತ್ರಿ ಬಂದದ್ದು 11 ಫೋಟೊ. ಸೋಪು ತಾಗಿಸಿದ ಕಡೆ ಕೆಂಪು, ಕ್ಷಾರ (ಅಂದರೆ ಪ್ರತ್ಯಾಮ್ಲ) ತಾಗಿದರೆ ಅರಿಶಿನ ಕೆಂಪಾಗುತ್ತದೆ. ನಿಂಬೆರಸ, ಹುಣಸೆಹುಳಿ, ಮಜ್ಜಿಗೆ ಬಿದ್ದ ಕಡೆ ಹಳದಿ ಹಾಗೇ ಇದೆ. ಅಡುಗೆ ಸೋಡಾ ಮಾತ್ರ ಜಗಳ ತಂದಿತು. ಒಬ್ಬಳ ಹಾಳೆಯಲ್ಲಿ ಕೆಂಪು, ಇನ್ನೊಬ್ಬನ ಹಾಳೆಯಲ್ಲಿ ಬರೀ ಕಿತ್ತಳೆ. "ನೀನು ಸರಿಯಾಗಿ ಕಲಸಿಲ್ಲ", "ನಿಂದೇ ಸೋಡಾ ಹಳೇದು" ಅಂತ ಇಬ್ಬರೂ ವಾಯ್ಸ್ ಮೆಸೇಜಿನಲ್ಲಿ ವಾದ ಮಾಡಿಕೊಂಡರು. ನನಗೆ ಆದ ಸಂತೋಷ ಹೇಳತೀರದು. ಸೋಡಾ ದುರ್ಬಲ ಕ್ಷಾರ, ಅರಿಶಿನ ಬಣ್ಣ ಬದಲಿಸುವ ಗಡಿಯ ಹತ್ತಿರವೇ ಇರುತ್ತದೆ, ಅದಕ್ಕೇ ಕೈಯಿಂದ ಕೈಗೆ ವ್ಯತ್ಯಾಸ ಅನ್ನುವುದನ್ನು ನಾನು ಬೋರ್ಡಿನ ಮೇಲೆ ಹತ್ತು ಸಲ ಬರೆದಿದ್ದರೂ ಅಷ್ಟು ಚೆನ್ನಾಗಿ ಹೇಳಲು ಆಗುತ್ತಿರಲಿಲ್ಲ.

ಎರಡನೇ ದಿನ ಇನ್ನೂ ಒಳ್ಳೆಯದು ಬಂತು. ಕ್ಲಾಸಿನಲ್ಲಿ ಬಾಯೇ ಬಿಡದ ಒಬ್ಬ ಹುಡುಗಿ ಅಜ್ಜಿಯ ಎಲೆ ಅಡಿಕೆ ತಟ್ಟೆಯ ಫೋಟೊ ಹಾಕಿದ್ದಳು. ಜೊತೆಗೆ ಸಣ್ಣ ದನಿಯಲ್ಲಿ ಒಂದು ವಾಯ್ಸ್ ಮೆಸೇಜು: "ಸರ್, ಅಜ್ಜಿ ಬಾಯಿ ಕೆಂಪಾಗೋದೂ ಇದೇ ಥರಾನಾ? ಸುಣ್ಣ ಹಾಕದೆ ತಿಂದ್ರೆ ಅಷ್ಟು ಕೆಂಪಾಗಲ್ಲ ಅಂತಾರೆ ಅಜ್ಜಿ." ಇಷ್ಟು ವರ್ಷ ಪಾಠ ಮಾಡಿದ್ದೇನೆ, ಈ ಪ್ರಶ್ನೆ ನನಗೆ ಯಾರೂ ಕೇಳಿರಲಿಲ್ಲ. ಓದಿ ನೋಡಿ ಮರುದಿನ ಹೇಳಿದೆ. ಅಡಿಕೆಯಲ್ಲಿ ಟ್ಯಾನಿನ್ ಅನ್ನುವ ಒಗರು ಪದಾರ್ಥ ಇರುತ್ತದೆ. ಸುಣ್ಣದ ಕ್ಷಾರ ಸಿಕ್ಕಾಗ ಅದು ಗಾಳಿಯ ಆಮ್ಲಜನಕದ ಜೊತೆ ಸೇರಿ ಕೆಂಪಾಗುತ್ತದೆ. ಅರಿಶಿನದ ಕಥೆ ಬೇರೆ, ಅಡಿಕೆಯ ಕಥೆ ಬೇರೆ, ಆದರೆ ಎರಡಕ್ಕೂ ಕ್ಷಾರ ಬೇಕು. ಅಷ್ಟರಲ್ಲಿ ಹಿಂದಿನ ಬೆಂಚಿನವನು ಎದ್ದು ನಿಂತು, "ಸರ್, ಅರಿಶಿನಕ್ಕೆ ಸುಣ್ಣ ಸೇರಿಸಿಯೇ ಕುಂಕುಮ ಮಾಡ್ತಿದ್ದರಂತೆ ಮುಂಚೆ, ನಮ್ಮಮ್ಮ ಹೇಳಿದ್ರು" ಅಂದ. ಅವತ್ತಿನ ಪೀರಿಯಡ್ ಮುಗಿದದ್ದೇ ಯಾರಿಗೂ ಗೊತ್ತಾಗಲಿಲ್ಲ.

ನಾನು ಹೇಳುವುದು ಇಷ್ಟೇ ಮೇಡಂ. ಪಾಠ ನಡೆಯುವುದು ಕ್ಲಾಸಿನಲ್ಲೇ. ಮನೆ, ಹೊಲ, ಬೀದಿಯಲ್ಲಿ ಮಕ್ಕಳು ಕಂಡದ್ದನ್ನು ಮರುದಿನದ ಪಾಠಕ್ಕೆ ಹೊತ್ತು ತರುವ ಚೀಲ ಈ ಗ್ರೂಪು. ಚೀಲಕ್ಕೆ ತುಂಬಬೇಕಾದವರು ಮಕ್ಕಳು, ನಾವಲ್ಲ.

ಒಂದೆರಡು ಎಚ್ಚರಿಕೆ. ಗ್ರೂಪಿಗೆ ಹಾಕುವ ಪ್ರಶ್ನೆಯನ್ನು ಕೊನೆ ಬೆಲ್ ಹೊಡೆಯುವ ಮುಂಚೆ ಬೋರ್ಡಿನ ಮೇಲೂ ಬರೆಯಿರಿ. ಫೋನ್ ಇಲ್ಲದ ಮಗು ಆ ಅರಿಶಿನದ ಹಾಳೆಯನ್ನೇ ನೋಟ್‌ಬುಕ್ಕಿನಲ್ಲಿ ಅಂಟಿಸಿಕೊಂಡು ಬರಲಿ. ನಿಜ ಹೇಳಬೇಕೆಂದರೆ ಫೋಟೊಗಿಂತ ಹಾಳೆಯೇ ಚೆನ್ನ, ಬಣ್ಣ ಕಣ್ಣೆದುರೇ ಇರುತ್ತದೆ. ವಾರಕ್ಕೆ ಎರಡು ಪ್ರಶ್ನೆ ಸಾಕು. ವಾಯ್ಸ್ ಮೆಸೇಜನ್ನು ಕ್ಲಾಸಿನಲ್ಲಿ ಕೇಳಿಸುವ ಮುಂಚೆ ಆ ಮಗುವನ್ನು ಪಕ್ಕಕ್ಕೆ ಕರೆದು ಕೇಳಿ, ಬೇಡ ಅಂದರೆ ಬಿಟ್ಟುಬಿಡಿ. ಇನ್ನು ವಾಟ್ಸಾಪಿನಲ್ಲಿ ಪೋಲ್ ಹಾಕುವ ಸೌಲಭ್ಯ ಇದೆಯಲ್ಲ, ಅದರಲ್ಲಿ ಯಾರು ಏನು ಒತ್ತಿದರು ಅನ್ನುವುದು ಎಲ್ಲರಿಗೂ ಕಾಣುತ್ತದೆ. ಹಾಗಾಗಿ ಕ್ಲಾಸಿನ ಜಾಣ ಒತ್ತಿದ್ದನ್ನೇ ಮಿಕ್ಕವರೂ ಒತ್ತುತ್ತಾರೆ. "ಶುದ್ಧ ಮಳೆನೀರಿನ ಪಿಎಚ್ 7 ಇರುತ್ತಾ, ಕಡಿಮೆನಾ, ಜಾಸ್ತಿನಾ?" ಅನ್ನುವಂಥ ಪ್ರಶ್ನೆಗೆ ಎಲ್ಲರಿಗೂ ಕಣ್ಣು ಮುಚ್ಚಿಸಿ ಕೈ ಎತ್ತಿಸುವುದೇ ವಾಸಿ. ಉತ್ತರ ಸುಮಾರು 5.6 (ಪಿಎಚ್ 7ಕ್ಕಿಂತ ಕಡಿಮೆ ಇದ್ದರೆ ಆಮ್ಲ, ಜಾಸ್ತಿ ಇದ್ದರೆ ಕ್ಷಾರ). ಗಾಳಿಯ ಇಂಗಾಲದ ಡೈಆಕ್ಸೈಡ್ ಕರಗಿ ಮಳೆನೀರು ಸ್ವಲ್ಪ ಹುಳಿಯಾಗಿರುತ್ತದೆ. ಮಕ್ಕಳಲ್ಲಿ ಮುಕ್ಕಾಲು ಪಾಲು 7 ಅಂತಲೇ ಕೈ ಎತ್ತುತ್ತಾರೆ, ಮಾಡಿ ನೋಡಿ.

ಪ್ರಶ್ನೆ: ನಮಸ್ಕಾರ ಮೇಷ್ಟ್ರೇ. ನನ್ನ ಮಗಳು ಐದನೇ ಕ್ಲಾಸು. ಪ್ರಾಜೆಕ್ಟಿಗೆ ಪ್ರತಿ ಮಗುವೂ ಇನ್‌ಸ್ಟಾಗ್ರಾಂ ಅಕೌಂಟ್ ತೆರೆದು ರೀಲ್ಸ್ ಮಾಡಿ ಹಾಕಬೇಕು, ಲೈಕು ಎಷ್ಟು ಬಂತು ಅಂತ ನೋಡಿ ಮಾರ್ಕ್ಸ್ ಕೊಡುತ್ತೇವೆ ಅಂತ ಸ್ಕೂಲಿನಲ್ಲಿ ಹೇಳಿದ್ದಾರಂತೆ. ನನಗೆ ಸರಿ ಅನ್ನಿಸುತ್ತಿಲ್ಲ. ಬೇಡ ಅಂದರೆ ಮಗಳಿಗೆ ತೊಂದರೆ ಆಗುತ್ತಾ ಅಂತ ಭಯ.
— ಒಬ್ಬ ತಾಯಿ, ತುಮಕೂರು

ಉತ್ತರ: ನಿಮಗೆ ಅನ್ನಿಸಿದ್ದೇ ಸರಿ ತಾಯಿ. ಹೆದರಬೇಡಿ.

ಇನ್‌ಸ್ಟಾಗ್ರಾಂ, ಫೇಸ್‌ಬುಕ್, ವಾಟ್ಸಾಪ್ ಮೂರರಲ್ಲೂ ಅಕೌಂಟ್ ತೆರೆಯಲು ಕನಿಷ್ಠ 13 ವರ್ಷ ಆಗಿರಬೇಕು. ಇದು ಆ ಕಂಪನಿಯವರೇ ಬರೆದುಕೊಂಡ ನಿಯಮ. ಐದನೇ ಕ್ಲಾಸಿನ ಮಗುವಿಗೆ ಹತ್ತೋ ಹನ್ನೊಂದೋ ವರ್ಷ. ಅಂದರೆ ಮಗು ಹುಟ್ಟಿದ ವರ್ಷವನ್ನು ಸುಳ್ಳು ಹಾಕಿಯೇ ಒಳಗೆ ಹೋಗಬೇಕು. ಸ್ಕೂಲು ಕೊಡುವ ಹೋಮ್‌ವರ್ಕಿನ ಮೊದಲ ಸಾಲೇ ಸುಳ್ಳಾದರೆ ಹೇಗೆ? ನಮ್ಮ ದೇಶದ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಲೆಕ್ಕದಲ್ಲಂತೂ 18 ತುಂಬದವರೆಲ್ಲ ಮಕ್ಕಳೇ. ಅವರ ಮಾಹಿತಿ ಬಳಸಲು ತಂದೆತಾಯಿಯ ಒಪ್ಪಿಗೆ ಬೇಕು ಅನ್ನುತ್ತದೆ ಆ ಕಾಯ್ದೆ.

ಲೈಕ್ ನೋಡಿ ಮಾರ್ಕ್ಸ್ ಕೊಡುವ ವಿಚಾರ ನನ್ನನ್ನು ಇನ್ನೂ ಜಾಸ್ತಿ ಕಾಡುತ್ತಿದೆ. ದೊಡ್ಡ ಬಳಗ ಇರುವ ಮನೆಯ ಮಗುವಿಗೆ ಮುನ್ನೂರು ಲೈಕು ಬರುತ್ತದೆ, ಕೂಲಿ ಮಾಡುವವರ ಮಗುವಿಗೆ ನಾಲ್ಕು. ಇಬ್ಬರೂ ಒಂದೇ ಥರ ಕಷ್ಟಪಟ್ಟು ಮಾಡಿರುತ್ತಾರೆ. ಹತ್ತು ವರ್ಷದ ಮಗುವಿನ ಮನಸ್ಸಿಗೆ ಇದು ಎಷ್ಟು ನೋವು ಮಾಡುತ್ತದೆ ಅಂತ ಯೋಚಿಸಬೇಕಲ್ವಾ.

ಕ್ಲಾಸ್ ಟೀಚರ್ ಹತ್ತಿರ ಹೋಗಿ, ಜಗಳದ ದನಿಯಲ್ಲಿ ಬೇಡ, ಹೀಗೆ ಹೇಳಿ ನೋಡಿ: "ಮೇಡಂ, ವಿಡಿಯೊ ನಾವು ಮಾಡಿ ಕೊಡ್ತೀವಿ, ಅದನ್ನ ಕ್ಲಾಸಲ್ಲೇ ಎಲ್ಲರಿಗೂ ತೋರಿಸಿ. ಅಕೌಂಟ್ ಮಾತ್ರ ಬೇಡ, ಅವಳಿಗೆ ಇನ್ನೂ 13 ಆಗಿಲ್ಲ." ಹೀಗೆ ಹೇಳಿದರೆ ಬಹಳ ಟೀಚರುಗಳು ಒಪ್ಪುತ್ತಾರೆ, ಎಷ್ಟೋ ಜನಕ್ಕೆ ಈ ವಯಸ್ಸಿನ ನಿಯಮವೇ ಗೊತ್ತಿರುವುದಿಲ್ಲ. ನಿಮ್ಮ ಜೊತೆ ಇನ್ನಿಬ್ಬರು ತಾಯಂದಿರು ಬಂದರೆ ಇನ್ನೂ ಒಳ್ಳೆಯದು. ಮಗುವಿಗೆ ಅಕೌಂಟ್ ಯಾಕೆ ಬೇಕು? ಹೊರಗಿನವರಿಗೆ ತೋರಿಸಲೇಬೇಕು ಅನ್ನಿಸಿದರೆ ಇಡೀ ಕ್ಲಾಸಿಗೆ ಟೀಚರ್ ಹೆಸರಲ್ಲಿ ಒಂದು ಅಕೌಂಟ್ ಸಾಕು. ಅದರಲ್ಲೂ ಮಗುವಿನ ಮುಖ, ಪೂರ್ತಿ ಹೆಸರು, ಸ್ಕೂಲಿನ ಬ್ಯಾಡ್ಜು ಬೇಡ. ಮಗು ಮಾಡಿದ ಮಣ್ಣಿನ ಕೋಟೆ, ಬರೆದ ಚಿತ್ರ, ಕೈ ಎರಡು ಕಂಡರೆ ಸಾಕು.

ಮಗಳಿಗೆ ಯಾರಾದರೂ ಅಪರಿಚಿತರು ಕೆಟ್ಟದಾಗಿ ಮೆಸೇಜ್ ಮಾಡಿದರೆ ಅವಳನ್ನು ಬೈಯಬೇಡಿ, ಮುಂದಿನ ಸಲ ಹೇಳದೇ ಇದ್ದುಬಿಡುತ್ತಾಳೆ. ಸ್ಕ್ರೀನ್‌ಶಾಟ್ ಇಟ್ಟುಕೊಂಡು ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಿ.

ಪ್ರಶ್ನೆ: ದೀಪಾವಳಿ ರಾತ್ರಿ ಬಾಹ್ಯಾಕಾಶದಿಂದ ತೆಗೆದ ಭಾರತದ ಫೋಟೊ ಅಂತ ಒಂದು ಪ್ರತಿ ವರ್ಷ ಬರುತ್ತದೆ. ಈ ಸಲ ನನ್ನ ಒಂಬತ್ತನೇ ಕ್ಲಾಸಿನ ಹುಡುಗ ಅದನ್ನು ಚಾರ್ಟಿಗೆ ಅಂಟಿಸಿಕೊಂಡು ಬಂದಿದ್ದಾನೆ. ಸುಳ್ಳು ಅಂದರೆ ನಂಬುತ್ತಿಲ್ಲ. "ನಮ್ಮ ಮಾವ ಕಳ್ಸಿದ್ದು ಸರ್" ಅನ್ನುತ್ತಾನೆ. ಇಂಥದ್ದನ್ನು ಹೇಗೆ ನಿಭಾಯಿಸುವುದು?
— ಸಮಾಜ ವಿಜ್ಞಾನ ಶಿಕ್ಷಕ, ಬೈಲಹೊಂಗಲ

ಉತ್ತರ: ಸರ್, ಆ ಚಾರ್ಟನ್ನು ದಯವಿಟ್ಟು ಬಿಸಾಡಬೇಡಿ. ಒಳ್ಳೇ ಪಾಠವೊಂದು ತಾನಾಗೇ ನಡೆದು ಬಂದಿದೆ.

ಸುಳ್ಳು ಅಂತ ಮೊದಲೇ ಹೇಳಿದರೆ ಹುಡುಗನ ಮಾವನ ಮರ್ಯಾದೆ ಪ್ರಶ್ನೆ ಆಗಿಬಿಡುತ್ತದೆ, ಅವನು ವಾದಕ್ಕೆ ನಿಲ್ಲುತ್ತಾನೆ. ಅದರ ಬದಲು ಚಿತ್ರವನ್ನು ಬೋರ್ಡಿಗೆ ಅಂಟಿಸಿ ಎರಡು ನಿಮಿಷ ಸುಮ್ನೆ ನೋಡಲು ಬಿಡಿ. ಆಮೇಲೆ ಕೇಳಿ. ದೀಪದ ಬೆಳಕು ನೀಲಿ, ಹಸಿರು, ಕೆಂಪು ಯಾಕಿದೆ? ಪಟಾಕಿ ಬೆಳಕಾದರೆ ದೊಡ್ಡ ಊರಿನ ನಡುವೆ ಬಿಳಿ, ಅಂಚಿನಲ್ಲಿ ಕೆಂಪು ಯಾಕೆ? ದೀಪಾವಳಿ ಇಲ್ಲದ ಅಕ್ಕಪಕ್ಕದ ದೇಶಗಳಲ್ಲೂ ಅದೇ ಬಣ್ಣ ಯಾಕೆ?

ಮಕ್ಕಳೇ ತಡವರಿಸಿಕೊಂಡು ಹತ್ತಿರ ಬರುತ್ತಾರೆ. ಆಗ ನಿಜ ಹೇಳಿ. ಅದು ಒಂದು ರಾತ್ರಿಯ ಫೋಟೊ ಅಲ್ಲ. ಹಲವು ವರ್ಷ ಉಪಗ್ರಹ ತೆಗೆದ ಚಿತ್ರಗಳನ್ನು ಹವಾಮಾನ, ಸಾಗರಗಳ ಅಧ್ಯಯನ ಮಾಡುವ ಅಮೆರಿಕದ ನೋವಾ ಸಂಸ್ಥೆಯ ವಿಜ್ಞಾನಿಗಳು ಒಂದರ ಮೇಲೊಂದು ಜೋಡಿಸಿ ಮಾಡಿದ್ದು. 1992ಕ್ಕಿಂತ ಮುಂಚೆಯೇ ಇದ್ದ ಬೆಳಕಿಗೆ ಬಿಳಿ, 1992ರಲ್ಲಿ ಕಂಡದ್ದಕ್ಕೆ ನೀಲಿ, 1998ರದ್ದಕ್ಕೆ ಹಸಿರು, 2003ರದ್ದಕ್ಕೆ ಕೆಂಪು ಬಣ್ಣ ಕೊಟ್ಟಿದ್ದಾರೆ. ಅಂದರೆ ಊರುಗಳು ಹೇಗೆ ಬೆಳೆದವು, ಕರೆಂಟು ಎಲ್ಲಿಗೆ ಯಾವಾಗ ತಲುಪಿತು ಅನ್ನುವ ಲೆಕ್ಕ ಅದರಲ್ಲಿದೆ. ನಿಮ್ಮ ನಗರೀಕರಣದ ಪಾಠಕ್ಕೆ ಇದಕ್ಕಿಂತ ಒಳ್ಳೆಯ ಚಿತ್ರ ಬೇಕಾ? 2012ರ ನವೆಂಬರ್‌ನಲ್ಲಿ ನಾಸಾದವರು ನಿಜವಾದ ದೀಪಾವಳಿ ರಾತ್ರಿಯ ಚಿತ್ರವನ್ನೂ ಬಿಡುಗಡೆ ಮಾಡಿದ್ದರು. ಅದರಲ್ಲಿ ಊರುಗಳ ಮಾಮೂಲಿ ಬೆಳಕು ಬಿಟ್ಟರೆ ವಿಶೇಷ ಏನೂ ಇಲ್ಲ. ಹಬ್ಬದ ಹೆಚ್ಚಿನ ಬೆಳಕು ಅಷ್ಟು ಮೇಲಿನಿಂದ ಕಾಣುವಷ್ಟು ಇರುವುದಿಲ್ಲ ಅಂತ ಅವರೇ ಹೇಳಿದರು. ಹುಡುಗನ ಚಾರ್ಟಿನ ತಲೆಬರಹ ಮಾತ್ರ ಬದಲಾಯಿಸಿ ಗೋಡೆಗೆ ಹಾಕಿ, ಅವನಿಗೂ ಖುಷಿ ಆಗುತ್ತದೆ.

ಇನ್ನೊಂದು ಮಾತು, ಇದನ್ನು ಹೇಳದೆ ಇರಲಾರೆ. ಫಾರ್ವರ್ಡ್ ಅಂದರೆ ಬರೀ ತಮಾಷೆ ಅಂತ ಮಕ್ಕಳು ತಿಳಿದಿದ್ದಾರೆ. 2018ರ ಜುಲೈನಲ್ಲಿ ನಮ್ಮ ಬೀದರ್ ಜಿಲ್ಲೆಯ ಮುರ್ಕಿ ಊರಿನಲ್ಲಿ ಏನಾಯಿತು ಅಂತ ಒಂಬತ್ತು, ಹತ್ತನೇ ಕ್ಲಾಸಿನ ಮಕ್ಕಳಿಗೆ ಹೇಳಲೇಬೇಕು. ಹೈದರಾಬಾದಿನಿಂದ ಕಾರಿನಲ್ಲಿ ಬಂದ ಕೆಲವು ಗೆಳೆಯರು ದಾರಿಯಲ್ಲಿ ಮಕ್ಕಳಿಗೆ ಚಾಕೊಲೇಟ್ ಕೊಟ್ಟರು. ಅಷ್ಟಕ್ಕೇ ಮಕ್ಕಳ ಕಳ್ಳರು ಅನ್ನುವ ಸುದ್ದಿ ವಾಟ್ಸಾಪಿನಲ್ಲಿ ಅವರಿಗಿಂತ ಮುಂಚೆ ಮುಂದಿನ ಊರಿಗೆ ತಲುಪಿತು. ಜನ ಸೇರಿ ಹೊಡೆದರು, ಒಬ್ಬ ಯುವಕ ಸತ್ತೇಹೋದ. ಆ ವರ್ಷ ದೇಶದ ಬೇರೆ ಬೇರೆ ಕಡೆ ಇಂಥ ಸಾವುಗಳು ಆದವು. ಭಾರತದಲ್ಲಿ ಒಂದು ಮೆಸೇಜನ್ನು ಒಮ್ಮೆಗೆ ಐದು ಕಡೆಗಿಂತ ಹೆಚ್ಚು ಕಳಿಸದ ಹಾಗೆ ವಾಟ್ಸಾಪ್ ಮಿತಿ ಹಾಕಿದ್ದು ಆಗಲೇ. ಈಗ ತುಂಬ ಸಲ ಕೈ ಬದಲಾಯಿಸಿದ ಮೆಸೇಜಿನ ಮೇಲೆ ಎರಡು ಬಾಣದ ಗುರುತು ಬರುತ್ತದಲ್ಲ, ಆ ಗುರುತು ಏನು ಹೇಳುತ್ತದೆ ಅಂತ ನಿಮ್ಮ ಕ್ಲಾಸಿನಲ್ಲಿ ಕೇಳಿ ನೋಡಿ. ದಿನಾ ನೋಡುತ್ತಾರೆ, ಗೊತ್ತಿರುವವರು ಕಡಿಮೆ.

ವಾರಕ್ಕೊಮ್ಮೆ ಒಂದು ಫಾರ್ವರ್ಡ್ ತಂದು ಜಾಲಾಡುವ ಅಭ್ಯಾಸ ಮಾಡಿಸಿ. ಯಾವ ಊರು, ಯಾವ ದಿನ ಅಂತ ಅದರಲ್ಲಿ ಇದೆಯಾ? ಬೇರೆ ಯಾರಾದರೂ ಹೇಳಿದ್ದಾರಾ? ಫೋಟೊ ಆದರೆ ಗೂಗಲ್ ಲೆನ್ಸಿಗೆ ಹಾಕಿ ಹಳೆಯದಾ ಅಂತ ನಿಮ್ಮ ಫೋನಿನಲ್ಲೇ ತೋರಿಸಿ. ನಮ್ಮ ರಾಷ್ಟ್ರಗೀತೆಗೆ ಯುನೆಸ್ಕೊ ಮೊದಲ ಸ್ಥಾನ ಕೊಟ್ಟಿದೆ ಅನ್ನುವ ಹಳೇ ಫಾರ್ವರ್ಡಿನಿಂದ ಶುರು ಮಾಡಬಹುದು. ಯುನೆಸ್ಕೊ ಅಂಥದ್ದೇನೂ ಕೊಟ್ಟಿಲ್ಲ. ನಮ್ಮ ಗೀತೆಯನ್ನು ಪ್ರೀತಿಸಲು ಆ ಸರ್ಟಿಫಿಕೇಟು ಬೇಕಾಗಿಯೂ ಇಲ್ಲ.

ಪ್ರಶ್ನೆ: ಸರ್, ನಾನು ದ್ವಿತೀಯ ಪಿಯುಸಿ ಸೈನ್ಸ್. ದಿನಾ ಮೂರು ಗಂಟೆ ಯೂಟ್ಯೂಬಿನಲ್ಲಿ ಫಿಸಿಕ್ಸ್ ನೋಡುತ್ತೇನೆ. ನೋಡುವಾಗ ಎಲ್ಲ ಅರ್ಥ ಆಗುತ್ತೆ. ಟೆಸ್ಟಿನಲ್ಲಿ ಕೂತರೆ ಡೆರಿವೇಶನ್ನಿನ ಎರಡನೇ ಸಾಲಿಗೇ ನಿಂತುಹೋಗುತ್ತೇನೆ. ನನಗೆ ತಲೆ ಇಲ್ವಾ?
— ವಿದ್ಯಾರ್ಥಿ, ರಾಯಚೂರು

ಉತ್ತರ: ತಲೆ ಚೆನ್ನಾಗೇ ಇದೆಯಪ್ಪ. ನೀನು ನೋಡುತ್ತಿದ್ದೀಯ, ಮಾಡುತ್ತಿಲ್ಲ. ಈಜುವುದನ್ನು ದಡದಲ್ಲಿ ಕೂತು ಮೂರು ಗಂಟೆ ನೋಡಿದ ಹಾಗೆ.

ಅಮೆರಿಕದ ರೋಡಿಗರ್, ಕಾರ್ಪಿಕಿ ಅನ್ನುವ ಇಬ್ಬರು ಮನಶ್ಶಾಸ್ತ್ರಜ್ಞರು 2006ರಲ್ಲಿ ಒಂದು ಪ್ರಯೋಗ ಪ್ರಕಟಿಸಿದರು. ಕಾಲೇಜು ಹುಡುಗರಿಗೆ ಒಂದು ಪಾಠ ಓದಲು ಕೊಟ್ಟರು. ಕೆಲವರು ಅದನ್ನೇ ಮತ್ತೆ ಓದಿದರು. ಇನ್ನು ಕೆಲವರು ಮುಚ್ಚಿಟ್ಟು ನೆನಪಿದ್ದಷ್ಟನ್ನು ಬರೆದರು. ಐದು ನಿಮಿಷದ ನಂತರ ಕೇಳಿದಾಗ ಮತ್ತೆ ಮತ್ತೆ ಓದಿದವರೇ ಮುಂದಿದ್ದರು. ಒಂದು ವಾರ ಬಿಟ್ಟು ಕೇಳಿದರೆ ಲೆಕ್ಕ ತಿರುವುಮುರುವು, ಮುಚ್ಚಿಟ್ಟು ಬರೆದವರಿಗೇ ಜಾಸ್ತಿ ನೆನಪಿತ್ತು. ನಿನಗೆ ಆಗುತ್ತಿರುವುದು ಇದೇ. ವಿಡಿಯೊ ಮುಗಿದ ಐದು ನಿಮಿಷ "ಎಲ್ಲ ಬಂತು" ಅನ್ನಿಸುತ್ತದೆ.

ನಾಳೆಯಿಂದ ಹೀಗೆ ಮಾಡು. ಹತ್ತು ನಿಮಿಷ ನೋಡು. ನಿಲ್ಲಿಸು, ಫೋನನ್ನು ಬೋರಲು ಹಾಕು. ಖಾಲಿ ಹಾಳೆಯಲ್ಲಿ ಅದೇ ಡೆರಿವೇಶನ್ ಬರೆ. ಎಲ್ಲಿ ನಿಂತೆಯೋ ಆ ಸಾಲಿಗೆ ಗುರುತು ಹಾಕಿ ಅಲ್ಲಿಗೆ ಮಾತ್ರ ವಾಪಸ್ ಹೋಗಿ ನೋಡು. ಮರುದಿನ ಬೆಳಿಗ್ಗೆ ಏನೂ ನೋಡದೆ ಇನ್ನೊಂದು ಸಲ ಬರೆ. ಮೂರು ಗಂಟೆಯಲ್ಲಿ ಒಂದು ಗಂಟೆ ನೋಡುವುದಕ್ಕೆ, ಎರಡು ಗಂಟೆ ಬರೆಯುವುದಕ್ಕೆ. ಮೊದಲ ವಾರ ತುಂಬ ಕಷ್ಟ ಆಗುತ್ತದೆ, ಏನೂ ಬರುತ್ತಿಲ್ಲ ಅನ್ನಿಸುತ್ತದೆ, ಆ ಕಷ್ಟವೇ ಕಲಿಯುತ್ತಿರುವ ಗುರುತು, ಬಿಡಬೇಡ. ಬೇಕಾದ ವಿಡಿಯೊಗಳನ್ನು ಸಂಜೆಯೇ ಆರಿಸಿ ಡೌನ್‌ಲೋಡ್ ಮಾಡಿಕೊಂಡು ಡೇಟಾ ಆಫ್ ಮಾಡು, ಇಲ್ಲದಿದ್ದರೆ ಪಕ್ಕದಲ್ಲಿ ಬರುವ ಶಾರ್ಟ್ಸ್ ನಿನ್ನ ರಾತ್ರಿಯನ್ನು ನುಂಗುತ್ತದೆ. ನೀನು ಪತ್ರ ಬರೆದದ್ದು ಎರಡು ಗಂಟೆ ರಾತ್ರಿಯಲ್ಲಿ. ಮಲಗು ಮಗೂ, ನಿದ್ದೆ ಕೆಟ್ಟರೆ ಓದಿದ್ದು ತಲೆಯಲ್ಲಿ ಉಳಿಯುವುದಿಲ್ಲ.

ಪ್ರಶ್ನೆ: ಪೋಷಕರ ಗ್ರೂಪಿನಲ್ಲಿ ರಾತ್ರಿ ಹನ್ನೊಂದಕ್ಕೂ ಮೆಸೇಜ್. ಟೆಸ್ಟ್ ಮಾರ್ಕ್ಸ್ ಪಟ್ಟಿ ಹಾಕಿದರೆ ಜಗಳ. ಏನು ಮಾಡಲಿ?
— ಶಿಕ್ಷಕಿ, ಪುತ್ತೂರು

ಉತ್ತರ: ಮಾರ್ಕ್ಸ್ ಪಟ್ಟಿಯನ್ನು ಗ್ರೂಪಿಗೆ ಹಾಕಲೇಬೇಡಿ ಮೇಡಂ, ಜಗಳ ಅಲ್ಲಿಂದಲೇ ಹುಟ್ಟುವುದು. ಒಂದು ಮಗುವಿನ ಮಾರ್ಕ್ಸು ಇನ್ನೊಂದು ಮನೆಗೆ ಯಾಕೆ ಗೊತ್ತಾಗಬೇಕು? ಪೋಷಕರ ಗ್ರೂಪನ್ನು ಅಡ್ಮಿನ್ ಮಾತ್ರ ಬರೆಯುವ ಹಾಗೆ ಸೆಟ್ಟಿಂಗ್ ಮಾಡಿ. ಮಕ್ಕಳ ಪಾಠದ ಗ್ರೂಪು ಬೇರೆ ಇರಲಿ, ಅದರಲ್ಲಿ ನಿಮ್ಮ ಜೊತೆ ಇನ್ನೊಬ್ಬರು ಶಿಕ್ಷಕರೂ ಇರಲಿ. ಯಾವ ಮಗುವಿನ ಜೊತೆಗೂ ಗ್ರೂಪಿನ ಹೊರಗೆ ಒಬ್ಬರೇ ಚಾಟ್ ಮಾಡುವ ಅಭ್ಯಾಸ ಬೇಡ, ಅದು ಮಗುವಿಗೂ ಒಳ್ಳೆಯದು, ನಿಮಗೂ ಒಳ್ಳೆಯದು. ರಾತ್ರಿ ಎಂಟರ ನಂತರ ಉತ್ತರ ಕೊಡುವುದಿಲ್ಲ ಅಂತ ಗ್ರೂಪಿನ ವಿವರದಲ್ಲೇ ಬರೆದು, ಒಂದು ತಿಂಗಳು ಬಿಡದೆ ಪಾಲಿಸಿ. ಜನ ಹೊಂದಿಕೊಳ್ಳುತ್ತಾರೆ.

ಪ್ರಶ್ನೆ: ನಮ್ಮದು ಆಗುಂಬೆ ಕಡೆಯ ಸಣ್ಣ ಶಾಲೆ. ಮಳೆಗಾಲದಲ್ಲಿ ಕರೆಂಟೂ ಇಲ್ಲ, ನೆಟ್‌ವರ್ಕೂ ಇಲ್ಲ. ನೀವು ಹೇಳುವುದೆಲ್ಲ ಪೇಟೆಯವರಿಗೆ ಸರಿ. ನಮ್ಮ ಮಕ್ಕಳ ಗತಿ ಏನು ಸರ್?
— ಶಿಕ್ಷಕ, ತೀರ್ಥಹಳ್ಳಿ ತಾಲ್ಲೂಕು

ಉತ್ತರ: ನಿಮ್ಮ ಸಿಟ್ಟು ನ್ಯಾಯವಾದದ್ದು. 2020ರಲ್ಲಿ ಶಾಲೆಗಳು ಮುಚ್ಚಿದಾಗ ಇದನ್ನು ನಾವೆಲ್ಲ ಕಣ್ಣಾರೆ ಕಂಡೆವು. ಚಂದನ ವಾಹಿನಿಯಲ್ಲಿ ಪಾಠ ಬರುತ್ತಿತ್ತು, ವಾಟ್ಸಾಪಿನಲ್ಲಿ ಹೋಮ್‌ವರ್ಕ್ ಹೋಗುತ್ತಿತ್ತು. ಆದರೂ ಎಷ್ಟೋ ಮಕ್ಕಳಿಗೆ ಏನೂ ತಲುಪಲಿಲ್ಲ. ಕೊನೆಗೆ ಆ ವರ್ಷ ಆಗಸ್ಟ್‌ನಲ್ಲಿ ವಿದ್ಯಾಗಮ ಅನ್ನುವ ಸರ್ಕಾರಿ ಯೋಜನೆ ಶುರುವಾದಾಗ ಮೇಷ್ಟ್ರುಗಳೇ ಊರಿಗೆ ಹೋಗಿ ದೇವಸ್ಥಾನದ ಜಗಲಿ, ಮರದ ನೆರಳಿನಲ್ಲಿ ಮಕ್ಕಳನ್ನು ಕೂರಿಸಿಕೊಂಡರು. ಸೋಂಕಿನ ಭಯದಿಂದ ಅಕ್ಟೋಬರ್‌ನಲ್ಲಿ ಅದೂ ನಿಂತಿತು. ಫೋನಿದ್ದರೆ ಶಾಲೆ ಬೇಡ ಅನ್ನುವವರು ಆ ದಿನಗಳನ್ನು ಮರೆತಿದ್ದಾರೆ ಅಂತಲೇ ನನಗನ್ನಿಸುತ್ತದೆ.

ಆದರೆ ನಿಮ್ಮ ಹತ್ತಿರ ಒಂದು ಫೋನ್ ಇದೆಯಲ್ಲ ಸರ್, ಅಷ್ಟು ಸಾಕು. ಮಕ್ಕಳ ಹತ್ತಿರ ಒಂದೂ ಇಲ್ಲದಿದ್ದರೂ ನಡೆಯುತ್ತದೆ.

ಒಂದು ಯೋಚನೆ ಹೇಳುತ್ತೇನೆ. ಟ್ರೇನಿಂಗಿನಲ್ಲಿ ಪರಿಚಯವಾದ ಬಯಲುಸೀಮೆಯ ಮೇಷ್ಟ್ರು ಯಾರಾದರೂ ಇದ್ದೇ ಇರುತ್ತಾರೆ, ಚಳ್ಳಕೆರೆ ಕಡೆಯವರಾದರಂತೂ ಬಹಳ ಚೆನ್ನ. ಎರಡೂ ಶಾಲೆಯಲ್ಲಿ ಮಕ್ಕಳಿಂದ ಮಳೆ ಅಳೆಯುವ ಬಾಟಲಿ ಮಾಡಿಸಿ. ಗೋಡೆ ನೇರವಾಗಿರುವ ಪ್ಲಾಸ್ಟಿಕ್ ಬಾಟಲಿಯ ಕುತ್ತಿಗೆ ಕತ್ತರಿಸಿ, ಅದನ್ನೇ ತಲೆಕೆಳಗಾಗಿ ಬಾಯಿಗೆ ಸಿಕ್ಕಿಸಿ, ಹೊರಗೆ ಸ್ಕೇಲಿನ ಪಟ್ಟಿ ಅಂಟಿಸಿದರೆ ಆಯಿತು. ತಳ ಉಬ್ಬುತಗ್ಗಾಗಿದ್ದರೆ ಮೊದಲೇ ಒಂದು ಗೆರೆಯವರೆಗೆ ನೀರು ಹಾಕಿ ಅಲ್ಲಿಂದ ಸೊನ್ನೆ ಲೆಕ್ಕ. ದಿನಾ ಬೆಳಿಗ್ಗೆ ಎಂಟೂವರೆಗೆ, ಹವಾಮಾನ ಇಲಾಖೆಯವರು ಅಳೆಯುವುದೂ ಅದೇ ಹೊತ್ತಿಗೆ, ಶಾಲೆ ಹತ್ತಿರದ ಮನೆಯ ಮಗು ನೋಡಿ ಬರೆದಿಡಲಿ. ವಾರಕ್ಕೊಮ್ಮೆ ನೀವು ಪೇಟೆಗೋ ಗುಡ್ಡದ ಮೇಲಕ್ಕೋ ಹೋದಾಗ ಆ ಪುಟದ ಫೋಟೊ ಅವರಿಗೆ ಕಳಿಸಿ, ಅವರದು ನಿಮಗೆ ಬರಲಿ. ಆಗುಂಬೆಯ ವರ್ಷದ ಮಳೆ 7 ಸಾವಿರ ಮಿಲಿಮೀಟರಿಗೂ ಜಾಸ್ತಿ, ಚಳ್ಳಕೆರೆಯಲ್ಲಿ 500ರ ಆಸುಪಾಸು. ಪುಸ್ತಕದಲ್ಲಿ ಇದು ಬರೀ ಅಂಕಿ. ಆ ಕಡೆಯ ಮಕ್ಕಳು ವಾರವಿಡೀ ಸೊನ್ನೆ, ಸೊನ್ನೆ, ಸೊನ್ನೆ ಅಂತ ಬರೆದ ಪುಟ ನೋಡಿದಾಗ ನಿಮ್ಮ ಮಕ್ಕಳು ಕೇಳುವ ಪ್ರಶ್ನೆ ಇದೆಯಲ್ಲ, "ಹಂಗಾದ್ರೆ ಅವ್ರು ಏನು ಬೆಳೀತಾರೆ ಸರ್?" ಅಂತ, ಅಲ್ಲಿಂದ ಭೂಗೋಳ ಶುರು.

ವಿಡಿಯೊ ಬೇಕಿದ್ದರೆ ನೆಟ್‌ವರ್ಕ್ ಸಿಗುವ ಕಡೆ ಡೌನ್‌ಲೋಡ್ ಮಾಡಿಕೊಳ್ಳಿ. ಸರ್ಕಾರದ ದೀಕ್ಷಾ ಆಪ್‌ನಲ್ಲೂ ಪಾಠಗಳನ್ನು ಹಾಗೆ ಇಳಿಸಿಟ್ಟುಕೊಂಡು ನೆಟ್ ಇಲ್ಲದೆ ತೋರಿಸಬಹುದು. ಫೆಬ್ರುವರಿಯಲ್ಲಿ ನಾಲ್ಕು ದಿನ ಜಗತ್ತಿನಾದ್ಯಂತ ಹಿತ್ತಲ ಹಕ್ಕಿಗಳ ಎಣಿಕೆ ನಡೆಯುತ್ತದೆ. ಒಂದೇ ಕಡೆ 15 ನಿಮಿಷ ನಿಂತು ಕಂಡ ಹಕ್ಕಿಗಳನ್ನು ಬರೆಯುವುದು, ಆಮೇಲೆ ನೀವು ಒಬ್ಬರೇ ಇ-ಬರ್ಡ್ ತಾಣಕ್ಕೆ ಹಾಕುವುದು. ನಿಮ್ಮ ಮಕ್ಕಳಷ್ಟು ಹಕ್ಕಿ ಗುರುತಿಸುವ ಮಕ್ಕಳು ಪೇಟೆಯಲ್ಲಿ ಎಲ್ಲಿದ್ದಾರೆ?

ಪ್ರಶ್ನೆ: ಮೆಲ್ಬರ್ನ್‌ನಲ್ಲಿ ವಾರಕ್ಕೊಮ್ಮೆ ಕನ್ನಡ ಕ್ಲಾಸ್ ನಡೆಸುತ್ತೇವೆ. 16ರ ಒಳಗಿನವರಿಗೆ ಸೋಷಿಯಲ್ ಮೀಡಿಯಾ ಬೇಡ ಅನ್ನುವ ಕಾನೂನು ಇಲ್ಲಿ ಬಂದಿದೆ. ನಾವು ಯೂಟ್ಯೂಬಿನಲ್ಲಿ ಕನ್ನಡ ಕಥೆ ತೋರಿಸುವುದನ್ನು ನಿಲ್ಲಿಸಬೇಕಾ? ಮಕ್ಕಳಿಗೆ ಕನ್ನಡ ಅರ್ಥ ಆಗುತ್ತೆ, ಮಾತಾಡೋದು ಮಾತ್ರ ಇಂಗ್ಲಿಷಿನಲ್ಲೇ.
— ಕನ್ನಡ ಕಲಿಸುವ ತಾಯಿ, ಆಸ್ಟ್ರೇಲಿಯಾ

ಉತ್ತರ: ನಿಲ್ಲಿಸಬೇಕಾಗಿಲ್ಲ ಅಮ್ಮ. 2025ರ ಡಿಸೆಂಬರ್ 10ರಿಂದ ಜಾರಿಗೆ ಬಂದ ಆ ಕಾನೂನು 16 ತುಂಬದವರು ಅಕೌಂಟ್ ಇಟ್ಟುಕೊಳ್ಳುವುದನ್ನು ತಡೆಯುತ್ತದೆ. ಯೂಟ್ಯೂಬೂ ಆ ಪಟ್ಟಿಯಲ್ಲಿದೆ, ಆದರೆ ಲಾಗಿನ್ ಆಗದೆ ನೋಡುವುದಕ್ಕೆ ತಡೆ ಇಲ್ಲ. ನೀವು ನಿಮ್ಮ ಲ್ಯಾಪ್‌ಟಾಪಿನಿಂದ ಕ್ಲಾಸಿಗೆ ತೋರಿಸಬಹುದು. ದಂಡ ಬೀಳುವುದು ಕಂಪನಿಗಳಿಗೆ, ಮಕ್ಕಳಿಗೋ ತಂದೆತಾಯಿಗೋ ಅಲ್ಲ. ಕಾನೂನು ಜಾರಿಯಾದಾಗ ಪ್ರಕಟವಾದ ಪಟ್ಟಿಯಲ್ಲಿ ವಾಟ್ಸಾಪ್ ಇರಲಿಲ್ಲ.

ಆದರೆ ಕಥೆ ತೋರಿಸುವುದರಿಂದ ಮಾತು ಬರುವುದಿಲ್ಲ, ಕಿವಿಗೆ ಮಾತ್ರ ಕನ್ನಡ ಬೀಳುತ್ತದೆ. ಮಾತು ಬರಬೇಕಾದರೆ ಇಂಗ್ಲಿಷ್ ಬಾರದ ಒಬ್ಬರ ಜೊತೆ ಮಾತಾಡಲೇಬೇಕು. ಪ್ರತಿ ಮಗುವಿಗೂ ಊರಿನಲ್ಲಿ ಅಜ್ಜಿಯೋ ತಾತನೋ ದೊಡ್ಡಮ್ಮನೋ ಇದ್ದಾರಲ್ಲ. ಅಪ್ಪ ಅಮ್ಮನ ಫೋನಿನಿಂದ ವಾರಕ್ಕೊಂದು ವಾಯ್ಸ್ ಮೆಸೇಜು ಹೋಗಲಿ, ಒಂದೇ ಪ್ರಶ್ನೆ, ಕನ್ನಡದಲ್ಲಿ. ವಿಡಿಯೊ ಕಾಲಿನಲ್ಲಿ ಮಕ್ಕಳು ನಾಚಿಕೊಂಡು ಓಡಿಹೋಗುತ್ತಾರೆ. ವಾಯ್ಸ್ ಮೆಸೇಜಾದರೆ ತಪ್ಪಾದರೆ ಅಳಿಸಿ ಮತ್ತೆ ಹೇಳಬಹುದು, ಅಜ್ಜಿ ಹೇಳಿದ್ದನ್ನು ಮೂರು ಸಲ ಕೇಳಿಸಿಕೊಳ್ಳಬಹುದು. ಮುಂದಿನ ಕ್ಲಾಸಿನಲ್ಲಿ ಎಲ್ಲರೂ ಅವರವರ ಅಜ್ಜಿಯ ಉತ್ತರ ಕೇಳಿಸಲಿ. ಧಾರವಾಡದ ಅಜ್ಜಿ, ಮಂಡ್ಯದ ಅಜ್ಜಿ, ಕುಂದಾಪುರದ ಅಜ್ಜಿ ಒಂದೇ ಮಾತನ್ನು ಮೂರು ಥರ ಹೇಳುತ್ತಾರೆ, ಅದನ್ನು ಯಾವ ಪಠ್ಯಪುಸ್ತಕ ಕೊಡುತ್ತದೆ ಹೇಳಿ.

ಮೊದಲ ವಾರಕ್ಕೆ ಈ ಪ್ರಶ್ನೆ ಕೇಳಿಸಿ ನೋಡಿ: "ಅಜ್ಜಿ, ನೀವು ಚಿಕ್ಕವರಿದ್ದಾಗ ದೋಸೆ ಹಿಟ್ಟು ಯಾರು ರುಬ್ಬುತ್ತಿದ್ದರು, ಎಷ್ಟು ಹೊತ್ತು ಹಿಡಿಯುತ್ತಿತ್ತು?"